ತೆಪ್ಪ ದಡ ಮುಟ್ಟಿತು, ವಾದ ಮುಟ್ಟಲಿಲ್ಲ

ಕಳೆದ ತಿಂಗಳು ಒಂದು ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಹಳೇ ಕಪ್ಪು-ಬಿಳುಪು ಸಾಕ್ಷ್ಯಚಿತ್ರವೊಂದನ್ನು ಹಾಕಿಕೊಂಡು ಕೂತೆ. ಚಿತ್ರ ಅಲ್ಲಾಡುತ್ತೆ, ಕೆಲವು ಕಡೆ ಫೋಕಸ್ಸೇ ಇಲ್ಲ. ಗಡ್ಡ ಬೆಳೆದ ಗಂಡಸರು ಚಡ್ಡಿಯಲ್ಲಿ ಮರದ ದಿಮ್ಮಿಗಳ ಮೇಲೆ ಕೂತು ಮೀನು ಹಿಡಿಯುತ್ತಿದ್ದಾರೆ. ಸುತ್ತ ಎತ್ತ ನೋಡಿದರೂ ಪೆಸಿಫಿಕ್ ಸಾಗರ. ಕತೆ ಇಷ್ಟೇ. ಆದರೂ ಎದ್ದುಹೋಗೋಕೆ ಮನಸ್ಸಾಗಲಿಲ್ಲ. ಮುಗಿದಾಗ ಬೆಳಗಿನ ಎರಡು ಗಂಟೆ.

ಆ ಚಿತ್ರ 1950ರಲ್ಲಿ ಬಂದ 'ಕಾನ್ ಟಿಕಿ'. 1951ನೇ ಸಾಲಿನ ಅತ್ಯುತ್ತಮ ಸಾಕ್ಷ್ಯಚಿತ್ರಕ್ಕೆ ಕೊಡುವ ಆಸ್ಕರ್ ಇದಕ್ಕೇ ಸಿಕ್ಕಿತು. ಇದನ್ನು ಚಿತ್ರೀಕರಿಸಿದವನು, ತೆಪ್ಪ ಕಟ್ಟಿಸಿದವನು, ಆ ಯಾತ್ರೆಯನ್ನು ತಲೆಯಲ್ಲಿ ಹತ್ತು ವರ್ಷ ಹೊತ್ತು ತಿರುಗಿದವನು ನಾರ್ವೆಯ ಥಾರ್ ಹೆಯರ್ಡಾಲ್. ಚಿತ್ರ ನೋಡಿದ ಮೇಲೆ ಎರಡು ವಾರ ಆತನ ಬದುಕಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದುತ್ತಾ ಹೋದಂತೆ ಒಂದು ಮುಳ್ಳು ಚುಚ್ಚೋಕೆ ಶುರುವಾಯಿತು. ನಾವು ಡಾಕ್ಯುಮೆಂಟರಿಗೆ ಸಾಕ್ಷ್ಯಚಿತ್ರ ಅಂತೀವಿ. ಸಾಕ್ಷ್ಯ ಅಂದರೆ ಯಾವುದಕ್ಕೆ ಸಾಕ್ಷ್ಯ?

ಹೆಯರ್ಡಾಲ್ ಹುಟ್ಟಿದ್ದು 1914ರ ಅಕ್ಟೋಬರ್ 6ರಂದು, ನಾರ್ವೆಯ ಲಾರ್ವಿಕ್ ಅನ್ನೋ ಕರಾವಳಿ ಊರಲ್ಲಿ. ಅಪ್ಪ ಬಿಯರ್ ತಯಾರಿಸುವ ಕಾರ್ಖಾನೆಯ ಒಡೆಯ. ಅಮ್ಮನಿಗೆ ಡಾರ್ವಿನ್ ಮೇಲೆ, ಪ್ರಾಣಿಶಾಸ್ತ್ರದ ಮೇಲೆ ಬಹಳ ಒಲವು. ಸಮುದ್ರದ ಪಕ್ಕದಲ್ಲೇ ಬೆಳೆದ ಹುಡುಗನಿಗೆ ನೀರು ಕಂಡರೆ ಭಯ. ಚಿಕ್ಕಂದಿನಲ್ಲಿ ಎರಡು ಸಲ ಮುಳುಗಿ ಸಾಯೋದರಲ್ಲಿದ್ದ. ಈಜು ಬಂದದ್ದು ಇಪ್ಪತ್ತೆರಡರ ವಯಸ್ಸಿನಲ್ಲಿ, ಅದೂ ತಹೀತಿಯಲ್ಲಿ ನದಿಗೆ ಬಿದ್ದು ಬೇರೆ ದಾರಿಯಿಲ್ಲದೆ ಕೈಕಾಲು ಬಡಿದಾಗ. ಮುಂದೆ ಮೂರು ಸಾಗರಗಳಲ್ಲಿ ದಿಮ್ಮಿ, ಜೊಂಡು ನಂಬಿಕೊಂಡು ತೇಲಿದವನು ಇವನೇ.

ಓಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಮತ್ತು ಭೂಗೋಳ ಓದಿದ. 1936ರ ಕ್ರಿಸ್‌ಮಸ್ ಹಿಂದಿನ ದಿನ ಲಿವ್ ಎಂಬ ಸಹಪಾಠಿಯನ್ನು ಮದುವೆಯಾಗಿ, ನಾಗರಿಕತೆಯೇ ಬೇಡ ಅಂತ ಹೆಂಡತಿ ಜೊತೆ ಪೆಸಿಫಿಕ್ಕಿನ ಮಾರ್ಕೆಸಸ್ ದ್ವೀಪಸಮೂಹಕ್ಕೆ ಹೊರಟ. ಅಲ್ಲಿ ಫಾಟು ಹಿವಾ ಅನ್ನೋ ದ್ವೀಪದಲ್ಲಿ ಸಂಸಾರ ಹೂಡಿದರು. ಸ್ವರ್ಗ ಅಂದುಕೊಂಡು ಹೋದ ಕಡೆ ಸೊಳ್ಳೆ, ಮಳೆ, ಕಾಲಿನ ಹುಣ್ಣು. ಹೆಚ್ಚು ದಿನ ನಿಲ್ಲಲಾಗಲಿಲ್ಲ. ಆದರೆ ಅಲ್ಲಿ ಆತ ಎರಡು ವಿಷಯ ಗಮನಿಸಿದ್ದ. ಗಾಳಿ ಮತ್ತು ಅಲೆ ಯಾವಾಗಲೂ ಪೂರ್ವದಿಂದಲೇ, ಅಂದರೆ ದಕ್ಷಿಣ ಅಮೆರಿಕದ ಕಡೆಯಿಂದಲೇ ಬರುತ್ತಿದ್ದವು. ದ್ವೀಪದ ಮುದುಕನೊಬ್ಬ, ತಮ್ಮ ಪೂರ್ವಜರನ್ನು ಟಿಕಿ ಎಂಬ ದೇವಪುರುಷ ಪೂರ್ವದ ದೊಡ್ಡ ನಾಡಿನಿಂದ ಕರೆತಂದ ಅಂತ ಕತೆ ಹೇಳಿದ್ದ.

ಅಷ್ಟು ಸಾಕಾಯಿತು. ಪ್ರಾಣಿಶಾಸ್ತ್ರ ಬದಿಗೆ ಸರಿಯಿತು. ಪಾಲಿನೇಷ್ಯದ ದ್ವೀಪಗಳಿಗೆ ಜನ ಏಷ್ಯಾದಿಂದ ಬಂದರು ಅಂತ ವಿದ್ವಾಂಸರು ಹೇಳುತ್ತಿದ್ದ ಕಾಲದಲ್ಲಿ ಹೆಯರ್ಡಾಲ್, ಮೊದಲು ಬಂದವರು ಪೆರುವಿನವರು ಅಂತ ವಾದ ಕಟ್ಟಿದ. ಎರಡನೇ ಮಹಾಯುದ್ಧದಲ್ಲಿ ನಾರ್ವೆಯ ಸೇನೆಗೆ ದುಡಿದು, ಯುದ್ಧ ಮುಗಿದ ಮೇಲೆ ಹಸ್ತಪ್ರತಿ ಹಿಡಿದು ನ್ಯೂಯಾರ್ಕಿನಲ್ಲಿ ಬಾಗಿಲು ತಟ್ಟಿದ. ಯಾರೂ ಸರಿಯಾಗಿ ಓದಲಿಲ್ಲ. ಪೆರುವಿನ ಜನರ ಬಳಿ ದೋಣಿ ಇರಲಿಲ್ಲ, ಬಾಲ್ಸಾ ಮರದ ತೆಪ್ಪ ಇತ್ತು ಅಷ್ಟೇ, ಬೇಕಾದರೆ ಅದರಲ್ಲಿ ಹೋಗಿ ನೋಡು ಅಂತ ಹಿರಿಯ ಪುರಾತತ್ವಜ್ಞನೊಬ್ಬ ಸಾಗಹಾಕಿದ. ಹೆಯರ್ಡಾಲ್ ಆ ಮಾತನ್ನು ಅಕ್ಷರಶಃ ತೆಗೆದುಕೊಂಡುಬಿಟ್ಟ.

ಇಲ್ಲಿಂದ ನನ್ನೊಳಗಿನ ಮೆಕ್ಯಾನಿಕಲ್ ಎಂಜಿನಿಯರ್ ಎದ್ದು ಕೂರುತ್ತಾನೆ. ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದು ವರ್ಷಗಳಾದರೂ ಈ ಚಟ ಹೋಗಿಲ್ಲ.

ಈಕ್ವೆಡಾರ್‌ನ ಕಾಡಿನಲ್ಲಿ ಬಾಲ್ಸಾ ಮರ ಕಡಿದು, ನದಿಯಲ್ಲಿ ತೇಲಿಸಿ ತಂದು, ಪೆರುವಿನ ಕಲ್ಲಾವೊ ಬಂದರಿನ ನೌಕಾನೆಲೆಯಲ್ಲಿ ತೆಪ್ಪ ಕಟ್ಟಿದರು. ಒಂಬತ್ತು ದಿಮ್ಮಿ, ಅದರಲ್ಲಿ ಅತಿ ಉದ್ದದ್ದು ಹದಿಮೂರು ಮೀಟರಿಗೂ ಮೇಲೆ. ಒಂದೇ ಒಂದು ಮೊಳೆ ಇಲ್ಲ, ತಂತಿ ಇಲ್ಲ, ಎಲ್ಲಾ ಸೆಣಬಿನ ಹಗ್ಗದ ಕಟ್ಟು. ಬಿದಿರಿನ ಗುಡಿಸಲು, ಬಾಳೆ ಎಲೆಯ ಹೊದಿಕೆ, ಒಂದು ಚೌಕ ಹಾಯಿ. ನೋಡಿದ ಅನುಭವಸ್ಥರು ತಲೆ ಅಲ್ಲಾಡಿಸಿದರು. ಬಾಲ್ಸಾ ಹಗುರ ಮರ, ನೀರು ಹೀರಿ ಅರ್ಧ ದಾರಿಗೆ ಮುಳುಗುತ್ತೆ. ದಿಮ್ಮಿಗಳು ಒಂದಕ್ಕೊಂದು ಉಜ್ಜಿ ಎರಡು ವಾರದಲ್ಲಿ ಹಗ್ಗ ಸವೆದು ತುಂಡಾಗುತ್ತೆ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದರೆ ಎರಡೂ ಆಗಲಿಲ್ಲ. ಮರವನ್ನು ಹಸಿಯಾಗಿದ್ದಾಗಲೇ ಕಡಿದಿದ್ದರಿಂದ ಒಳಗಿನ ರಸವೇ ನೀರನ್ನು ತಡೆಯಿತು. ಬಾಲ್ಸಾ ಎಷ್ಟು ಮೆದುವೆಂದರೆ, ಮರ ಹಗ್ಗವನ್ನು ಕಡಿಯುವ ಬದಲು ಹಗ್ಗವೇ ಮರದೊಳಗೆ ಕೊರೆದುಕೊಂಡು ಹೋಗಿ ಅಲ್ಲಿ ಭದ್ರವಾಗಿ ಕೂತುಬಿಟ್ಟಿತು. ತಂತಿ ಕಟ್ಟಿದ್ದರೆ ಅದು ದಿಮ್ಮಿಯನ್ನೇ ಕೊಯ್ದುಹಾಕುತ್ತಿತ್ತು. ಅಲೆ ಬಂದಾಗ ನೀರು ದಿಮ್ಮಿಗಳ ಸಂದಿನಿಂದ ಕೆಳಗಿಳಿದು ಹೋಗುತ್ತಿತ್ತು, ಎತ್ತಿ ಹೊರಚೆಲ್ಲುವ ಕೆಲಸವೇ ಇಲ್ಲ. ನಮ್ಮ ಹೊಳೆಗಳ ಹರಿಗೋಲು ನೋಡಿದವರಿಗೆ ಈ ಬುದ್ಧಿ ಹೊಸದಲ್ಲ. ನೀರಿನ ಜೊತೆ ಬಡಿದಾಡುವ ಬದಲು ಬಾಗಿ ಬಳುಕಿ ಬದುಕುವ ವಿನ್ಯಾಸ ಅದು.

1947ರ ಏಪ್ರಿಲ್ 28ರಂದು ಆರು ಜನ ಹೊರಟರು. ಹೆಯರ್ಡಾಲ್ ಜೊತೆಗೆ ಎಂಜಿನಿಯರ್ ಹರ್ಮನ್ ವಾಟ್ಸಿಂಗರ್, ದಿಕ್ಕು ಲೆಕ್ಕ ಹಾಕುವ ಚಿತ್ರಕಾರ ಎರಿಕ್ ಹೆಸೆಲ್‌ಬರ್ಗ್, ಸ್ವೀಡನ್ನಿನ ಬೆಂಗ್ಟ್ ಡೇನಿಯಲ್‌ಸನ್, ರೇಡಿಯೊ ನೋಡಿಕೊಳ್ಳಲು ಕ್ನುಟ್ ಹೌಗ್‌ಲಂಡ್ ಮತ್ತು ಟಾರ್‌ಸ್ಟೈನ್ ರಾಬಿ. ಕೊನೆಯ ಇಬ್ಬರು ಸಾಮಾನ್ಯದವರಲ್ಲ. ಹೌಗ್‌ಲಂಡ್, ನಾಜಿಗಳ ಕೈಯಲ್ಲಿದ್ದ ನಾರ್ವೆಯ ಭಾರಜಲ ಘಟಕವನ್ನು ಹಾಳುಗೆಡವಿದ ಗುಪ್ತ ಕಾರ್ಯಾಚರಣೆಯಲ್ಲಿ ಇದ್ದವನು. ರಾಬಿ, ಟಿರ್ಪಿಟ್ಸ್ ಯುದ್ಧನೌಕೆಯ ಸುದ್ದಿಯನ್ನು ಅಡಗಿಕೊಂಡು ಬ್ರಿಟನ್ನಿಗೆ ಮುಟ್ಟಿಸುತ್ತಿದ್ದವನು. ಹೆಸೆಲ್‌ಬರ್ಗ್ ಒಬ್ಬನನ್ನು ಬಿಟ್ಟರೆ ಸಮುದ್ರಯಾನ ಬಲ್ಲವರು ಯಾರೂ ಇರಲಿಲ್ಲ.

101 ದಿನ, ಸುಮಾರು 6,900 ಕಿಲೋಮೀಟರ್. ಬೆಳಿಗ್ಗೆ ಎದ್ದರೆ ಹಾರುಮೀನುಗಳು ತಾವಾಗೇ ತೆಪ್ಪದ ಮೇಲೆ ಬಿದ್ದಿರುತ್ತಿದ್ದವು, ಹೆಕ್ಕಿ ಹುರಿದರೆ ತಿಂಡಿ. ತೆಪ್ಪಕ್ಕಿಂತ ಅಗಾಧವಾಗಿ ಕಂಡ ವೇಲ್ ಶಾರ್ಕ್ ಒಂದು ಸುತ್ತು ಹಾಕುತ್ತಾ ಬಂತು. ಒಂದು ದಿನ ವಾಟ್ಸಿಂಗರ್ ಕಾಲು ತಪ್ಪಿ ಸಮುದ್ರಕ್ಕೆ ಬಿದ್ದ. ತೆಪ್ಪಕ್ಕೆ ಬ್ರೇಕ್ ಇಲ್ಲ, ಹಿಂದೆ ತಿರುಗೋದೂ ಇಲ್ಲ. ಗಾಳಿ ಅದನ್ನು ಮುಂದಕ್ಕೆ ದೂಡುತ್ತಲೇ ಇತ್ತು. ಎಸೆದ ಹಗ್ಗ ಗಾಳಿಗೆ ವಾಪಸ್ ಬರುತ್ತಿತ್ತು. ಕೊನೆಗೆ ಹೌಗ್‌ಲಂಡ್ ಹಗ್ಗ ಕಟ್ಟಿದ ಲೈಫ್ ಬೆಲ್ಟ್ ಹಿಡಿದು ಹಾರಿ ಅವನನ್ನು ಹಿಡಿದುಕೊಂಡ, ಉಳಿದ ನಾಲ್ವರು ಇಬ್ಬರನ್ನೂ ಎಳೆದುಕೊಂಡರು.

ಆಗಸ್ಟ್ 7ರಂದು ಟುವಾಮೋಟು ದ್ವೀಪಗಳ ರಾರೊಯಿಯಾ ಎಂಬಲ್ಲಿ ತೆಪ್ಪ ಹವಳದ ದಿಬ್ಬಕ್ಕೆ ಅಪ್ಪಳಿಸಿತು. ಹಾಯಿಕಂಬ ಮುರಿಯಿತು, ಗುಡಿಸಲು ಜಜ್ಜಿಹೋಯಿತು. ಆರೂ ಜನ ಬದುಕಿದರು. ಜನವಸತಿಯಿಲ್ಲದ ಆ ತುಂಡು ದ್ವೀಪದಲ್ಲಿ ಕೆಲವು ದಿನ ಕಳೆದ ಮೇಲೆ ಅವರನ್ನು ಹುಡುಕಿಕೊಂಡು ಬಂದವರು ಯಾರು ಗೊತ್ತಾ? ಲಗೂನಿನ ಆಚೆ ಬದಿಯ ಹಳ್ಳಿಯಿಂದ ದೋಣಿಯಲ್ಲಿ ಬಂದ ಪಾಲಿನೇಷ್ಯನ್ನರು. ಈ ದೋಣಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಚಿತ್ರದ ವಿಷಯ. ಹೆಯರ್ಡಾಲ್‌ಗೆ ಸಿನಿಮಾ ಕೆಲಸ ಗೊತ್ತಿರಲಿಲ್ಲ. 16 ಎಂಎಂ ಕ್ಯಾಮೆರಾ ಒಂದಿತ್ತು, ಕೈಗೆ ಬಂದಾಗ ಓಡಿಸಿದ. ಸ್ವೀಡನ್ನಿನ ನಿರ್ಮಾಪಕ ಒಲ್ಲೆ ನೋರ್ಡೆಮಾರ್ ಆ ತುಣುಕುಗಳನ್ನು ಜೋಡಿಸಿ ಚಿತ್ರ ಮಾಡಿದ. ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್ ಇದರ ಬಗ್ಗೆ ಒಂದು ಸೂಕ್ಷ್ಮ ಗ್ರಹಿಸಿದ್ದಾನೆ. ನಿಜವಾದ ಅಪಾಯ ಬಂದಾಗಲೆಲ್ಲ ಈ ಚಿತ್ರದಲ್ಲಿ ದೃಶ್ಯವೇ ಇಲ್ಲ, ಯಾಕೆಂದರೆ ಬಿರುಗಾಳಿ ಎದ್ದಾಗ ಕ್ಯಾಮೆರಾ ಹಿಡಿಯಲು ಯಾರ ಕೈಯೂ ಬಿಡುವಿರಲಿಲ್ಲ. ಆ ಖಾಲಿ ಜಾಗಗಳೇ ಚಿತ್ರದ ಪ್ರಾಮಾಣಿಕತೆ ಅನ್ನೋದು ಬಜಾನ್‌ನ ಅಭಿಪ್ರಾಯ. 2012ರಲ್ಲಿ ಇದೇ ಕತೆ ಅದ್ದೂರಿ ಫೀಚರ್ ಸಿನಿಮಾ ಆಯಿತು. ಖಾಲಿ ಜಾಗವನ್ನೆಲ್ಲ ತುಂಬಿದರು. ಅದರಲ್ಲಿ ಎಂಜಿನಿಯರ್ ವಾಟ್ಸಿಂಗರ್ ಹಗ್ಗ ತುಂಡಾಗುತ್ತೆ ಅಂತ ನಡುಗುವ ದಪ್ಪ ಪುಕ್ಕಲು. ನಿಜವಾದ ವಾಟ್ಸಿಂಗರ್ ಎತ್ತರದ ಗಟ್ಟಿ ಆಳು. ಕುಟುಂಬದವರು ಬೇಸರ ಮಾಡಿಕೊಂಡರು, ನನಗೂ ವೃತ್ತಿಬಾಂಧವನ ಪರವಾಗಿ ಸ್ವಲ್ಪ ಸಿಟ್ಟು ಬಂತು. ಅಲ್ಲಾಡುವ ಹಳೇ ಚಿತ್ರವೇ ವಾಸಿ.

ಆದರೆ ಆ ಪ್ರಾಮಾಣಿಕ ಚಿತ್ರವೂ ಒಂದು ಮೋಸ ಮಾಡಿತು. ಬೇಕಂತಲೇ ಮಾಡಿದ್ದಲ್ಲ.

ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿಗೆ ನಾವು ನಾಲ್ವರು ಕರೆಂಟ್ ಇಲ್ಲದೆ ನೀರೆತ್ತುವ ಹೈಡ್ರಾಲಿಕ್ ರಾಮ್ ಪಂಪಿನ ಮಾದರಿ ಮಾಡಿದ್ದೆವು. ಪ್ರದರ್ಶನದ ದಿನ ಟಕ್ ಟಕ್ ಅಂತ ಚೆನ್ನಾಗಿ ಓಡಿತು. ಮಲೆನಾಡಿನ ತೋಟಗಳಿಗೆ ಇದು ಸೂಕ್ತ ಅಂತ ಸಾಬೀತಾಗಿದೆ ಎಂದು ವರದಿಯಲ್ಲಿ ಬರೆದೆವು. ನಮ್ಮ ಗೈಡ್ ಸಾಬೀತಾಗಿದೆ ಅನ್ನೋ ಪದದ ಮೇಲೆ ಕೆಂಪು ಗೆರೆ ಎಳೆದು, ಈ ಮೇಜಿನ ಮೇಲೆ ಈ ದಿನ ನೀರು ಏರಿತು, ಅಷ್ಟು ಮಾತ್ರ ಬರೀರಿ ಅಂದರು. ಆಗ ಮುನಿಸಿಕೊಂಡಿದ್ದೆ. ಮರುವರ್ಷ ಗೆಳೆಯನ ಅಡಿಕೆ ತೋಟದಲ್ಲಿ ಅದೇ ಪಂಪು ಎರಡೇ ವಾರಕ್ಕೆ ಮರಳು ಕಟ್ಟಿಕೊಂಡು ನಿಂತಾಗ ಮುನಿಸು ಹೋಯಿತು.

ಕಾನ್ ಟಿಕಿ ತೋರಿಸಿದ್ದು ಏನು? ಬಾಲ್ಸಾ ತೆಪ್ಪ ಪೆರುವಿನಿಂದ ಪಾಲಿನೇಷ್ಯ ತಲುಪಬಲ್ಲದು. ಸರಿ, ಅದು ನಿಜಕ್ಕೂ ದೊಡ್ಡ ವಿಷಯ, ತಜ್ಞರು ಆಗೋದೇ ಇಲ್ಲ ಅಂದಿದ್ದರು. ಆದರೆ ಹಿಂದೆ ಜನ ಹಾಗೆ ಹೋದರು ಅನ್ನೋದು ಬೇರೆಯೇ ಮಾತು. ಹೋಗಬಹುದಿತ್ತು ಅನ್ನೋದಕ್ಕೂ ಹೋದರು ಅನ್ನೋದಕ್ಕೂ ನಡುವೆ ಇರುವ ಸಾಗರ ಪೆಸಿಫಿಕ್ಕಿಗಿಂತ ದೊಡ್ಡದು. ಪುಸ್ತಕ ಎಪ್ಪತ್ತರಷ್ಟು ಭಾಷೆಗಳಿಗೆ ಹೋಯಿತು, ಚಿತ್ರ ಆಸ್ಕರ್ ಗೆದ್ದಿತು, ಜಗತ್ತಿನ ಓದುಗರು ಆ ಎರಡನೇ ಸಾಗರವನ್ನು ಗಮನಿಸದೆ ದಾಟಿಬಿಟ್ಟರು. ಕಣ್ಣಾರೆ ಕಂಡ ಮೇಲೆ ಇನ್ನೇನು ಬೇಕು ಅನ್ನೋ ಭಾವ.

ವಿದ್ವಾಂಸರು ಒಪ್ಪಲಿಲ್ಲ. ಕಾರಣ ಅಸೂಯೆ ಅಂತ ಹೆಯರ್ಡಾಲ್ ಅಭಿಮಾನಿಗಳು ಇಂದಿಗೂ ಹೇಳ್ತಾರೆ. ಆದರೆ ಪಾಲಿನೇಷ್ಯದ ಭಾಷೆಗಳು ತೈವಾನ್, ಫಿಲಿಪ್ಪೀನ್ಸ್, ಇಂಡೊನೇಷ್ಯಾ ಭಾಷೆಗಳ ಬಂಧುಗಳು. ಹಂದಿ, ಕೋಳಿ, ಬಾಳೆ, ಕೆಸು ಎಲ್ಲವೂ ಪಶ್ಚಿಮದಿಂದ ಬಂದವು. ಮಣ್ಣಿನ ಮಡಕೆ ಚೂರುಗಳ ಜಾಡು ಕೂಡ ಪಶ್ಚಿಮದಿಂದ ಪೂರ್ವಕ್ಕೇ ಸಾಗುತ್ತೆ. 1955-56ರಲ್ಲಿ ಆತ ಈಸ್ಟರ್ ದ್ವೀಪಕ್ಕೆ ವೃತ್ತಿಪರ ಪುರಾತತ್ವಜ್ಞರನ್ನು ಕರೆದುಕೊಂಡು ಹೋದ. ಇದು ಆತನ ದೊಡ್ಡತನ, ಅಲ್ಲಿ ಶಾಸ್ತ್ರೀಯ ಉತ್ಖನನ ಗಟ್ಟಿಯಾಗಿ ಶುರುವಾದದ್ದು ಈ ಯಾತ್ರೆಯಿಂದಲೇ. ಸ್ಥಳೀಯ ಹನ್ನೆರಡು ಜನ ಮರದ ಸನ್ನೆ, ಕಲ್ಲು ಬಳಸಿ ಹದಿನೆಂಟು ದಿನದಲ್ಲಿ ದೈತ್ಯ ಮೂರ್ತಿಯೊಂದನ್ನು ಎತ್ತಿ ನಿಲ್ಲಿಸಿ ತೋರಿಸಿದರು. ಆದರೆ ಅಗೆದಷ್ಟೂ ಪಾಲಿನೇಷ್ಯದ ಬೇರುಗಳೇ ಗಟ್ಟಿಯಾದವು.

ಇದಕ್ಕಿಂತ ಕಹಿಯಾದ ಒಂದು ಸಂಗತಿ ಇದೆ, ಸಾಹಸದ ಕತೆಗಳಲ್ಲಿ ಇದನ್ನು ಮೆಲ್ಲಗೆ ಬಿಟ್ಟುಬಿಡ್ತಾರೆ. ಹೆಯರ್ಡಾಲ್ ವಾದದ ಪ್ರಕಾರ ಪೆರುವಿನಿಂದ ಹೊರಟವರು ಅಲ್ಲಿನ ಸಾಮಾನ್ಯ ಮೂಲನಿವಾಸಿಗಳಲ್ಲ, ಇಂಕಾಗಳಿಗೂ ಮೊದಲೇ ಅಲ್ಲಿದ್ದ, ಬಿಳಿ ಮೈಬಣ್ಣದ, ಗಡ್ಡವಿದ್ದ ಒಂದು ಜನಾಂಗ. ಅವರ ನಾಯಕನ ಹೆಸರೇ ಕಾನ್ ಟಿಕಿ. ಅಂದರೆ ಮೂರ್ತಿ ಕೆತ್ತಿದ್ದೂ ಸಾಗರ ದಾಟಿದ್ದೂ ಬಿಳಿಯರು, ಕಂದು ಮೈಯ ದ್ವೀಪದವರು ಆಮೇಲೆ ಬಂದು ಸೇರಿಕೊಂಡವರು. ಮೊದಲಿಗೆ ಯುದ್ಧದಲ್ಲಿ ನಾಜಿಗಳ ವಿರುದ್ಧ ನಿಂತ ಮನುಷ್ಯ, ಮುಂದೆ ತನ್ನ ಹಡಗುಗಳಲ್ಲಿ ಎಲ್ಲ ಬಣ್ಣದವರನ್ನೂ ಸಮನಾಗಿ ಕೂರಿಸಿಕೊಂಡ ಮನುಷ್ಯ, ಈ ಊಹೆಯೊಳಗಿನ ವಿಷವನ್ನು ಕಾಣದೇ ಹೋದದ್ದು ಹೇಗೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ರಾರೊಯಿಯಾದಲ್ಲಿ ಆತನನ್ನು ಹುಡುಕಿಕೊಂಡು ಬಂದ ದೋಣಿಯನ್ನು ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಉತ್ತರ ಎದುರಿಗೇ ಬಂದು ನಿಂತಿತ್ತು.

1969ರಲ್ಲಿ ಹೆಯರ್ಡಾಲ್ ಅಟ್ಲಾಂಟಿಕ್ ಕಡೆ ತಿರುಗಿದ. ಪ್ರಾಚೀನ ಈಜಿಪ್ಟಿನ ಜೊಂಡುಹಡಗು ಅಮೆರಿಕ ಮುಟ್ಟಬಲ್ಲದೇ ಅಂತ ಪ್ರಶ್ನೆ. ಇಥಿಯೋಪಿಯಾದ ತಾನಾ ಸರೋವರದ ಪಪೈರಸ್ ಜೊಂಡು ತಂದು, ಆಫ್ರಿಕದ ಚಾಡ್ ಸರೋವರದ ದೋಣಿಗಾರರಿಂದ ಪಿರಮಿಡ್ಡುಗಳ ಪಕ್ಕದಲ್ಲೇ 'ರಾ' ಕಟ್ಟಿಸಿದ. ಈಜಿಪ್ಟಿನ ಹಳೇ ಚಿತ್ರಗಳಲ್ಲಿ ಹಡಗಿನ ಹಿಂಬದಿಯ ಬಾಗಿದ ಬಾಲದಿಂದ ಅಟ್ಟದವರೆಗೆ ಒಂದು ಹಗ್ಗ ಬಿಗಿದಿರುತ್ತೆ. ಅದು ಯಾತಕ್ಕೆ ಅಂತ ಯಾರಿಗೂ ಹೊಳೆಯಲಿಲ್ಲ, ಬಿಟ್ಟುಬಿಟ್ಟರು. ಮೊರೊಕ್ಕೊದ ಸಾಫಿ ಬಂದರು ಬಿಟ್ಟ ಮೇಲೆ ಆ ಬಾಲ ಕುಸಿಯುತ್ತಾ ಬಂತು, ಹಿಂಬದಿ ನೀರಲ್ಲಿ ಮುಳುಗಿತು. ಬಾರ್ಬಡೋಸ್ ಇನ್ನು ವಾರದ ದಾರಿ ಇರುವಾಗ ಹಡಗು ಬಿಟ್ಟು ಹೋಗಬೇಕಾಯಿತು. ಆ ಹಗ್ಗ ಅಲಂಕಾರಕ್ಕಲ್ಲ, ಹಿಂಬದಿಯನ್ನು ಬಿಲ್ಲಿನ ಹೆದೆಯಂತೆ ಎಳೆದು ಹಿಡಿಯಲು ಇದ್ದದ್ದು. ನಾಲ್ಕು ಸಾವಿರ ವರ್ಷ ಹಿಂದಿನ ಎಂಜಿನಿಯರ್ ಒಬ್ಬ ಗೋಡೆ ಮೇಲೆ ಸ್ಪಷ್ಟವಾಗಿ ಡ್ರಾಯಿಂಗ್ ಕೊಟ್ಟಿದ್ದ, ಓದೋರಿಗೆ ಅರ್ಥವಾಗಲಿಲ್ಲ ಅಷ್ಟೇ. ಮರುವರ್ಷ ಬೊಲಿವಿಯಾದ ಟಿಟಿಕಾಕಾ ಸರೋವರದ ಐಮಾರಾ ಕುಶಲಕರ್ಮಿಗಳು ಕಟ್ಟಿದ 'ರಾ 2' ಸಾಫಿಯಿಂದ 57 ದಿನದಲ್ಲಿ ಬಾರ್ಬಡೋಸ್ ತಲುಪಿತು. ಈ ಯಾತ್ರೆಗಳ ಸಾಕ್ಷ್ಯಚಿತ್ರಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

ಈಜಿಪ್ಟಿನವರು ಅಮೆರಿಕಕ್ಕೆ ಹೋಗಿದ್ದರು ಅನ್ನೋದಕ್ಕೆ ರಾ ಯಾತ್ರೆಯಿಂದ ಪುರಾವೆ ಹುಟ್ಟಲಿಲ್ಲ. ಆದರೆ ಅದರಲ್ಲಿ ನಿಜವಾದ ಸಾಕ್ಷ್ಯ ಒಂದಿತ್ತು, ಯಾರೂ ಹುಡುಕಿಕೊಂಡು ಹೋಗಿರದ ಸಾಕ್ಷ್ಯ. ನಡುಸಾಗರದಲ್ಲಿ ಡಾಂಬರಿನಂಥ ಎಣ್ಣೆ ಉಂಡೆಗಳು ತೇಲುತ್ತಿದ್ದವು. ಎರಡನೇ ಯಾತ್ರೆಯಲ್ಲಿ ದಿನವೂ ಗಮನಿಸಿ ಬರೆದಿಟ್ಟು, ಮಾದರಿ ಸಂಗ್ರಹಿಸಿ ವಿಶ್ವಸಂಸ್ಥೆಗೆ ವರದಿ ಕೊಟ್ಟರು. ದೊಡ್ಡ ಹಡಗಿನ ಎತ್ತರದಿಂದ ಕಾಣದ್ದು, ನೀರಿಗೆ ಮೂಗು ತಾಗುವಷ್ಟು ತಗ್ಗಿನಲ್ಲಿ ಕೂತವರಿಗೆ ಕಂಡಿತ್ತು. ಸಾಗರ ಅನಂತ, ಅದಕ್ಕೇನೂ ಆಗೋದಿಲ್ಲ ಅಂತ ಜಗತ್ತು ನಂಬಿದ್ದ ಕಾಲ ಅದು. ನನ್ನ ಪ್ರಕಾರ ಹೆಯರ್ಡಾಲ್ ಬದುಕಿನ ಅತ್ಯಂತ ಗಟ್ಟಿ ಸಂಶೋಧನೆ ಇದೇ.

ಕೊನೆಯ ದೊಡ್ಡ ಯಾತ್ರೆ ನಮ್ಮ ಉಪಖಂಡದ ಹತ್ತಿರ ಬಂತು. ಮೆಸೊಪೊಟೇಮಿಯ ಮತ್ತು ಸಿಂಧೂ ಕಣಿವೆಯ ನಡುವೆ ಸಮುದ್ರ ವ್ಯಾಪಾರ ಇತ್ತು ಅನ್ನೋದು ಊಹೆಯಲ್ಲ, ಸಿಂಧೂ ಮುದ್ರೆಗಳು ಇರಾಕಿನ ಪ್ರಾಚೀನ ನಗರಗಳಲ್ಲಿ ಸಿಕ್ಕಿವೆ. 1977ರಲ್ಲಿ ಇರಾಕಿನಲ್ಲಿ 'ಟೈಗ್ರಿಸ್' ಎಂಬ ಜೊಂಡುಹಡಗು ಕಟ್ಟಿದರು. ಆಗಸ್ಟ್‌ನಲ್ಲಿ ಕೊಯ್ದ ಜೊಂಡು ನೀರು ಹೀರೋದಿಲ್ಲ ಅಂತ ಅಲ್ಲಿನ ಜೌಗು ಪ್ರದೇಶದ ಅರಬರು ಹೇಳಿಕೊಟ್ಟರು, ಹಡಗು ಐದು ತಿಂಗಳು ತೇಲಿತು. ಒಮಾನ್, ಪಾಕಿಸ್ತಾನ ಮುಟ್ಟಿ ಆಫ್ರಿಕದ ಜಿಬೂಟಿಗೆ ಬಂದಾಗ ಸುತ್ತಲೂ ಯುದ್ಧ. ಮುಂದೆ ದಾರಿ ಇಲ್ಲ. 1978ರ ಏಪ್ರಿಲ್ 3ರಂದು ಹೆಯರ್ಡಾಲ್ ಮತ್ತು ಸಂಗಡಿಗರು ತಾವೇ ಕಟ್ಟಿದ ಹಡಗಿಗೆ ತಾವೇ ಬೆಂಕಿ ಇಟ್ಟರು, ಆ ಯುದ್ಧಗಳನ್ನೂ ಅವಕ್ಕೆ ಆಯುಧ ಮಾರುವ ದೇಶಗಳನ್ನೂ ವಿರೋಧಿಸಿ.

2002ರ ಏಪ್ರಿಲ್ 18ರಂದು ಇಟಲಿಯ ಕೊಲ್ಲಾ ಮಿಕೇರಿ ಅನ್ನೋ ಪುಟ್ಟ ಊರಲ್ಲಿ ಮಿದುಳಿನ ಗಡ್ಡೆಯಿಂದ ಹೆಯರ್ಡಾಲ್ ತೀರಿಕೊಂಡ. ಕೊನೆಯಲ್ಲಿ ಔಷಧ, ಆಹಾರ ಎರಡನ್ನೂ ನಿರಾಕರಿಸಿದ್ದ. ನಾರ್ವೆ ಸರ್ಕಾರಿ ಗೌರವ ಕೊಟ್ಟು ಕಳಿಸಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. 2020ರಲ್ಲಿ ಒಂದು ಜೀನ್ ಅಧ್ಯಯನ ಬಂತು. ಸುಮಾರು ಕ್ರಿ.ಶ. 1200ರ ಹೊತ್ತಿಗೆ ಪಾಲಿನೇಷ್ಯನ್ನರಿಗೂ ದಕ್ಷಿಣ ಅಮೆರಿಕದ ಮೂಲನಿವಾಸಿಗಳಿಗೂ ನಿಜಕ್ಕೂ ಬೆರಕೆ ಆಗಿತ್ತು. ಅತಿ ಹಳೆಯ ಗುರುತು ಸಿಕ್ಕಿದ್ದು ಎಲ್ಲಿ ಅಂದರೆ, ಹೆಯರ್ಡಾಲ್ ಹೊಸ ಹೆಂಡತಿ ಜೊತೆ ಸೊಳ್ಳೆ ಕಡಿಸಿಕೊಂಡ ಅದೇ ಫಾಟು ಹಿವಾದಲ್ಲಿ. ದಕ್ಷಿಣ ಅಮೆರಿಕದ ಗೆಣಸು ಪಾಲಿನೇಷ್ಯದ ತೋಟಗಳಿಗೆ ಬಂದದ್ದೂ ಈ ಸಂಪರ್ಕದಿಂದ ಅಂತ ಬಹಳ ಜನ ವಿದ್ವಾಂಸರು ನಂಬುತ್ತಾರೆ. ಹಾಗಾದರೆ ಆತ ಗೆದ್ದನೇ? ಇಲ್ಲ. ದ್ವೀಪಗಳನ್ನು ತುಂಬಿದವರು ಪಶ್ಚಿಮದಿಂದ ಬಂದವರೇ, ಬಿಳಿ ಗಡ್ಡದವರ ಸುಳಿವೂ ಇಲ್ಲ. ಆದರೆ ಎರಡು ಜನಾಂಗಗಳು ಸಾಗರದ ಮೇಲೆ ಕೈ ಕುಲುಕಿದ್ದವು, ಅದನ್ನು ಅಸಾಧ್ಯ ಅಂದವರು ಸೋತರು. ಯಾರು ಯಾರ ದಡಕ್ಕೆ ಹೋದರು ಅನ್ನೋದು ಇನ್ನೂ ಚರ್ಚೆಯಲ್ಲಿದೆ.

ಇವತ್ತು ನನ್ನ ಫೋನಿಗೆ ವಾರಕ್ಕೆರಡು ವಿಡಿಯೊ ಬರುತ್ತವೆ. ಪುರಾತನರು ಇದನ್ನು ಮಾಡಿದ್ದರು, ನೋಡಿ ನಾವೂ ಮಾಡಿ ತೋರಿಸಿದ್ದೇವೆ, ಸಾಬೀತಾಯಿತು. ಬೇರೆ ಬೇರೆ ದೇಶ, ಬೇರೆ ಬೇರೆ ಹೆಮ್ಮೆ, ಜಾರುವ ಜಾಗ ಮಾತ್ರ ಒಂದೇ. ಅವರಲ್ಲಿ ಯಾರೂ ಹೆಯರ್ಡಾಲ್‌ನಷ್ಟು ಧೈರ್ಯವಂತರಲ್ಲ, ಒಂದು ದಿಮ್ಮಿಯ ಮೇಲೂ ಕೂತವರಲ್ಲ. ಆತ ಕೊನೇ ಪಕ್ಷ ತನ್ನ ಊಹೆಗೆ ತನ್ನ ಜೀವ ಒತ್ತೆಯಿಟ್ಟ.

'ಕಾನ್ ಟಿಕಿ' ನೋಡಿ. ನೋಡಿದ ಮೇಲೆ ಇನ್ನೊಂದನ್ನೂ ಹುಡುಕಿ ನೋಡಿ: 1983ರಲ್ಲಿ ಬಂದ 'ದಿ ನ್ಯಾವಿಗೇಟರ್ಸ್'. ಪಾಲಿನೇಷ್ಯನ್ನರು ಗಾಳಿಗೆ ಸಿಕ್ಕಿ ತೇಲಿಬಂದವರಲ್ಲ, ದಾರಿ ಗೊತ್ತಿದ್ದೇ ಹೊರಟವರು ಅಂತ ತೋರಿಸಲು ಹವಾಯಿಯಲ್ಲಿ 'ಹೊಕುಲೆಯಾ' ಎಂಬ ಜೋಡಿದೋಣಿ ಕಟ್ಟಿದರು. 1976ರಲ್ಲಿ ಅದನ್ನು ತಹೀತಿಗೆ ಒಯ್ದವನು ಮೈಕ್ರೊನೇಷ್ಯದ ಸಟವಾಲ್ ದ್ವೀಪದ ಮಾವು ಪಿಯಾಯ್ಲುಗ್. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ. ಈ ಯಾನವೂ ಒಂದೇ ಏನನ್ನೂ ಸಾಬೀತು ಮಾಡೋದಿಲ್ಲ, ನಮ್ಮ ಗೈಡ್ ಇಲ್ಲೂ ಕೆಂಪು ಗೆರೆ ಎಳೆಯುತ್ತಿದ್ದರು. ಭಾಷೆ, ಬೆಳೆ, ಮಡಕೆ, ಜೀನ್ ಎಲ್ಲವೂ ಬೆನ್ನಿಗೆ ನಿಂತಾಗ ಮಾತ್ರ ಅದಕ್ಕೆ ತೂಕ. 'ದಿ ನ್ಯಾವಿಗೇಟರ್ಸ್'ನಲ್ಲಿ ಮಾವು ಚಾಪೆಯ ಮೇಲೆ ಕಲ್ಲುಗಳನ್ನು ವೃತ್ತವಾಗಿ ಜೋಡಿಸಿ, ಯಾವ ನಕ್ಷತ್ರ ಎಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತೆ ಅಂತ ಮಕ್ಕಳಿಗೆ ಕಲಿಸುತ್ತಾನೆ. ಹೆಯರ್ಡಾಲ್‌ನ ಕ್ಯಾಮೆರಾ 101 ದಿನ ಆ ಸಾಗರವನ್ನೇ ನೋಡಿತ್ತು. ಆ ಚಾಪೆ ಮಾತ್ರ ಅದರ ಚೌಕಟ್ಟಿಗೆ ಬರಲೇ ಇಲ್ಲ.